ಪರದೆಯ ಆಚೆ ಈಚೆ

ನಮ್ಮ ದೇಶದ ರೈಲುಗಳಲ್ಲಿ ಮೂರನೆಯ ದರ್ಜೆ ಎಂಬುದು 1974ರಲ್ಲಿ ಹೆಸರು ಕಳೆದುಕೊಂಡಿತು. ಹೆಸರು ಹೋದ ಮಾತ್ರಕ್ಕೆ ದರ್ಜೆ ಹೋದೀತೆ? ರೈಲಿನಿಂದಿಳಿದು ಅದು ಪ್ರಯಾಣಭತ್ಯೆಯ ನಿಯಮಗಳೊಳಗೆ ಹಾಯಾಗಿ ಕುಳಿತುಕೊಂಡಿತು. ಕೇಂದ್ರ ಸರ್ಕಾರದ 2017ರ ಆದೇಶವನ್ನು ಓದಿ ನೋಡಿ: ವೇತನ 14ನೆಯ ಹಂತಕ್ಕೇರಿದವರಿಗೆ ವಿಮಾನದ ಬಿಸಿನೆಸ್ ಕ್ಲಾಸು, 6ರಿಂದ 13ರವರೆಗಿನವರಿಗೆ ಎಕಾನಮಿ, 5 ಮತ್ತು ಅದಕ್ಕೂ ಕೆಳಗಿನವರಿಗೆ ಸಾಮಾನ್ಯವಾಗಿ ರೈಲೇ ಗತಿ. ವೇತನ ಬೆಳೆದಂತೆ ಮನುಷ್ಯನ ಕಾಲೂ ಉದ್ದವಾಗುತ್ತದೆಂದು ಆದೇಶ ಬರೆದವರು ತಿಳಿದಿದ್ದರೋ ಏನೋ!

ಖಾಸಗಿ ಕಂಪನಿಗಳ ಲೆಕ್ಕ ಇನ್ನೂ ಸೂಕ್ಷ್ಮ. ಅಲ್ಲಿ ಹುದ್ದೆಯ ಜೊತೆಗೆ ಪ್ರಯಾಣದ ಗಂಟೆಗಳನ್ನೂ ಎಣಿಸುತ್ತಾರೆ. ನನ್ನ ತಮ್ಮ ಬೆಂಗಳೂರಿನ ಒಂದು ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ದೂರದ ಪ್ರಯಾಣವಾದರೆ ಅವನಿಗೆ ಬಿಸಿನೆಸ್ ಕ್ಲಾಸು. ಇಳಿದ ಕೂಡಲೆ ಸಭೆಗೆ ಹೋಗಬೇಕು, ನಿದ್ದೆಗೆಟ್ಟ ತಲೆ ಲೆಕ್ಕ ತಪ್ಪೀತು ಎಂಬುದು ಅದಕ್ಕೆ ಕಾರಣ. ನ್ಯಾಯವಾದ ಮಾತೇ. ಆದರೆ ಅದೇ ಸಭೆಗೆ ಲೆಕ್ಕ ಬರೆದುಕೊಂಡು ಹೋಗುವ ಕಿರಿಯ ನೌಕರನ ತಲೆಗೆ ನಿದ್ದೆ ಬೇಡವೆ?

ಹೋದ ವರ್ಷ ತಮ್ಮ ಕಂಪನಿಯ ಕೆಲಸದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ. ಅಲ್ಲಿರುವ ತಂಗಿಯ ಬಾಣಂತನಕ್ಕೆಂದು ಅಮ್ಮನೂ ಜೊತೆಗೂಡಿದಳು. ಅವನ ಟಿಕೆಟ್ಟು ಕಂಪನಿಯದು. ಅಮ್ಮನದು ನಾವು ಮಕ್ಕಳು ಹಂಚಿಕೊಂಡದ್ದು. ಫ್ರಾಂಕ್‌ಫರ್ಟಿನವರೆಗೆ ಸುಮಾರು 10 ಗಂಟೆ, ಅಲ್ಲಿಂದ ಮುಂದೆ ಸುಮಾರು 11. ಪರದೆಯ ಆಚೆ, ಹಾಸಿಗೆಯಾಗುವ ಕುರ್ಚಿಯಲ್ಲಿ ಮಗ. ಈಚೆ, ಮಂಡಿನೋವಿನೊಡನೆ 72 ವರ್ಷದ ಅಮ್ಮ.

ಹಿಂದಿರುಗಿದ ಮೇಲೆ ಅಮ್ಮ ಹೇಳಿದಳು: “ಎರಡು ಸಲ ಬಂದು ನೋಡಿಕೊಂಡು ಹೋದ ಕಣೋ. ತನಗೆ ಕೊಟ್ಟಿದ್ದ ಗೋಡಂಬೀನ ಕಾಗದದಲ್ಲಿ ಸುತ್ತಿಕೊಂಡು ಬಂದು ಕೊಟ್ಟ. ಅಲ್ಲಿ ಕಾಲು ಚಾಚಿ ಮಲಗಬಹುದಂತೆ. ಪಾಪ, ಅವನಿಗಾದರೂ ನಿದ್ದೆ ಆಯಿತಲ್ಲ.”

ನನಗೆ ಸಿಟ್ಟು ಬಂತು. ಫೋನು ಮಾಡಿ, “ಜಾಗ ಬದಲಾಯಿಸಿಕೊಳ್ಳಬಹುದೇ ಅಂತ ಒಂದು ಮಾತು ಕೇಳಬಾರದಿತ್ತೆ?” ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ನನಗೆ ಹೊಳೆಯಲೇ ಇಲ್ಲ ಅಣ್ಣ. ಇದು ನನ್ನ ಜಾಗ ಅಂತ ಕೂತುಬಿಟ್ಟೆ” ಎಂದ.

ಬೈಯಲು ತೆರೆದ ಬಾಯನ್ನು ಮುಚ್ಚಿಕೊಂಡೆ. ಕೆಲವು ವರ್ಷಗಳ ಹಿಂದೆ ಪರೀಕ್ಷೆಯ ಕೆಲಸಕ್ಕಾಗಿ ನಮ್ಮ ಕಾಲೇಜಿನ ಅಟೆಂಡರೊಡನೆ ಕಲಬುರಗಿಗೆ ಹೋಗಿದ್ದುದು ನೆನಪಾಯಿತು. ನಿಯಮದ ಪ್ರಕಾರ ನನಗೆ ಹೊದಿಕೆ ದಿಂಬು ಕೊಡುವ ಎ.ಸಿ. ಡಬ್ಬಿ, ನನಗಿಂತ ಹತ್ತು ವರ್ಷ ಹಿರಿಯರಾದ ಅವರಿಗೆ ಸ್ಲೀಪರು. ಕಾಗದದ ಕಟ್ಟುಗಳೂ ಅವರ ಬಳಿಯೇ. ಜನವರಿಯ ರಾತ್ರಿ. ಬೆಳಗ್ಗೆ ಇಳಿದಾಗ ಅವರೇ ಎರಡು ಕೈಯಲ್ಲಿ ಎರಡು ಲೋಟ ಚಹಾ ಹಿಡಿದು ಬಂದು, “ನಿದ್ದೆ ಬಂತಾ ಸಾರ್?” ಎಂದು ಕೇಳಿದರು.

“ಚೆನ್ನಾಗಿ ಬಂತು” ಎಂದೆ. ನಿಮಗೆ ಬಂತೇ ಎಂದು ಕೇಳಲು ನನಗೂ ಹೊಳೆಯಲಿಲ್ಲ. ಹಾಗೆ ಕೇಳಬಾರದೆಂದು ಯಾವ ನಿಯಮದಲ್ಲಿಯೂ ಬರೆದಿರಲಿಲ್ಲ.