ತಾಯಿಹಲಗೆಯ ಜಾತಕ

ಅಣ್ಣನು ತೀರಿಕೊಂಡ ಮೇಲೆ ಅವನ ಗಣಕಯಂತ್ರವೂ ಕೆಟ್ಟು ನಿಂತಿತು. ಸುಸ್ಥಿತಿಯಲ್ಲಿ ಉಳಿದುವು ಡಿಡಿಆರ್ 4 ಬಗೆಯ ಎರಡು ರ್‍ಯಾಮ್ ಪಟ್ಟಿಗಳು ಮಾತ್ರ. ವಿದ್ಯುತ್ತು ನಿಂತೊಡನೆ ಎಲ್ಲವನ್ನೂ ಮರೆಯುವ ಆ ಪಟ್ಟಿಗಳಲ್ಲಿ ಅವನ ಅಕ್ಷರವೊಂದೂ ಇರಲಿಲ್ಲ. ಆದರೂ ಹೊಸ ಯಂತ್ರದಲ್ಲಿ ಅವನ್ನು ಉಳಿಸಿಕೊಳ್ಳಬೇಕೆಂದು ನನಗೆ ಆಸೆ.

ಪ್ರೊಸೆಸರು 2021ರಲ್ಲಿ ಹೊರಬಂದ ಇಂಟೆಲ್ಲಿನ ಹನ್ನೆರಡನೆಯ ತಲೆಮಾರಿನದು. ಅದಕ್ಕೆ ಎಲ್‌ಜಿಎ 1700 ಎಂಬ ಪೀಠ ಬೇಕು. ಪೀಠ ಕೂಡಿದರೆ ಎಲ್ಲವೂ ಕೂಡಿದಂತೆಂದು ಬಗೆದು ಮದರ್‌ಬೋರ್ಡನ್ನು ಕೊಂಡುತಂದೆನು. ನಕ್ಷತ್ರವೊಂದನ್ನೇ ನೋಡಿ ಮದುವೆ ನಿಶ್ಚಯಿಸಿದವನ ಪಾಡು ನನ್ನದಾಯಿತು. ಆ ಪೀಠದ ಹಲಗೆಗಳಲ್ಲಿ ಕೆಲವು ಡಿಡಿಆರ್ 4ಕ್ಕೆ, ಕೆಲವು ಡಿಡಿಆರ್ 5ಕ್ಕೆ. ನಾನು ತಂದುದು ಎರಡನೆಯದು. ಎರಡು ಬಗೆಯ ಪಟ್ಟಿಗಳಿಗೂ 288 ಸಂಪರ್ಕಗಳೇ. ಆದರೆ ಅಂಚಿನ ಕಚ್ಚಿನ ಸ್ಥಾನ ಬೇರೆ. ಒತ್ತಿದೆನು, ಕೂರಲಿಲ್ಲ. ಇನ್ನಷ್ಟು ಒತ್ತಹೊರಟಾಗ ಅಣ್ಣನ ಮಗಳು ಕೈಹಿಡಿದು, "ಬೇಡ ಚಿಕ್ಕಪ್ಪ, ಮುರಿದೀತು" ಎಂದಳು.

ಅಂಗಡಿಯವರು ಕೊಂಚ ಹಣ ಮುರಿದುಕೊಂಡು ಬದಲಿಸಿಕೊಟ್ಟರು. ಈ ಸಲ ವಿವರಪಟ್ಟಿಯನ್ನು ಅವಳೇ ಓದಿದಳು: ಪೀಠ, ರ್‍ಯಾಮಿನ ಬಗೆ, ಪೆಟ್ಟಿಗೆಯಲ್ಲಿ ಹಿಡಿಸುವ 244 ಮಿಲಿಮೀಟರ್ ಚೌಕದ ಅಳತೆ.

ಆ ಪಟ್ಟಿಗಳು ಈಗ ಅವಳ ಮೇಜಿನ ಯಂತ್ರದಲ್ಲಿವೆ. ಪ್ರೀತಿಯಿಂದ ಉಳಿಸಹೊರಟುದನ್ನು ಅವಸರದಿಂದ ಮುರಿಯುವುದರಲ್ಲಿದ್ದೆನಲ್ಲಾ ಎಂದು ನನಗೆ ಇಂದಿಗೂ ನಾಚಿಕೆಯಾಗುತ್ತದೆ.