ಮೂವತ್ತು ಮುಚ್ಚಳ

ನಮ್ಮ ಹುಡುಗನ ಬ್ಯಾಟರಿ ಗಾಡಿ ಜಾತ್ರ್ಯಾಗ ಯಾಕ ಹಂಗಾತು ಅಂತ ನೀವೆಲ್ಲ ಕೇಳಿದಾಗ, "ಬ್ರೇಕ್ ಹಿಡೀಲಿಲ್ಲವ್ವ" ಅಂತ ಹೇಳಿ ಮಾತು ಮುಗಿಸಿದ್ದೆ. ದೊಡ್ಡವ್ವಗೂ ಅದನ್ನೇ ಹೇಳಿದೆ, ಸಿಂಧನೂರಿನ ನಾದಿನಿ ಫೋನ್ ಮಾಡಿದಾಗಲೂ ಅದನ್ನೇ ಹೇಳಿದೆ. ಅದು ಪೂರಾ ಖರೇ ಅಲ್ಲ. ಇವತ್ತು ರೊಟ್ಟಿ ಬಡಿಯೋದು ಮುಗಿಸಿ, ಖರೇ ಏನು ಅನ್ನೋದನ್ನ ಬರಿಯಾಕ ಕುಂತೀನಿ.

ಗಾಡಿಯ ಆಸೆ ಹುಟ್ಟಿದ್ದು ಹಂಪ್ಯಾಗ. ವಿಜಯ ವಿಠ್ಠಲ ಗುಡಿಗೆ ಹೋಗೋರು ತಮ್ಮ ಗಾಡಿ ಗೆಜ್ಜಲ ಮಂಟಪದ ಹತ್ರಾನೇ ಬಿಡಬೇಕು. ಅಲ್ಲಿಂದ ಮುಂದ ಬ್ಯಾಟರಿ ಗಾಡಿ. ಹೊಗಿ ಇಲ್ಲ, ಸಪ್ಪಳ ಇಲ್ಲ. ಓಡಿಸೋರು ನಮ್ಮಂಥ ಹೆಣ್ಮಕ್ಕಳು. ನಾನು ಆ ಹುಡುಗಿ ಸ್ಟೇರಿಂಗ್ ಹಿಡಿದ ಕೈ ನೋಡಿಕೋತ ಕುಂತೆ, ನಮ್ಮ ಮಗ ಗಾಡಿ ನೋಡಿಕೋತ ಕುಂತ. "ಯವ್ವಾ, ನಮ್ಮ ಅಮರೇಶ್ವರಕ್ಕೂ ಮುದುಕರು ಬಿಸಿಲಾಗ ನಡಕೊಂಡು ಸಾಯ್ತಾರ. ಇಂಥದ್ದೊಂದು ತಂದ್ರ ಹೆಂಗ?" ಅಂದ.

ವರ್ಷ ತುಂಬೋದ್ರಾಗ ತಂದೇ ಬಿಟ್ಟ. ಯಾವುದೋ ದೊಡ್ಡ ಹೋಟೆಲ್ಲಿನವರು ಹಳೇದಾತು ಅಂತ ಮಾರಿದ ಗಾಲ್ಫ್ ಗಾಡಿ. ಗಾಲ್ಫ್ ಅಂದ್ರ ಹುಲ್ಲಿನ ಬಯಲಾಗ ಆಡೋ ಆಟ. ಚೆಂಡು ದೂರ ಹೊಡೀತಾರ, ಆಮ್ಯಾಲೆ ಚೆಂಡಿನ ಹಿಂದ ಗಾಡ್ಯಾಗ ಹೋಗ್ತಾರ. ನಡಕೊಂಡು ಹೋದ್ರ ಏನಾಗ್ತದ ಅಂತ ಕೇಳಿದ್ದಕ್ಕ ಮಗ ನಕ್ಕ. ಅದಕ್ಕ ಆರ್‌ಟಿಓ ನಂಬರ್ ಇರಲಿಲ್ಲ, ಹಂಗಾಗಿ ಡಾಂಬರ ರಸ್ತೆಗೆ ಇಳಿಸೋ ಹಂಗಿಲ್ಲ. ಜಾತ್ರ್ಯಾಗ ವಾಹನ ನಿಲ್ಲಿಸೋ ಹೊಲದಿಂದ ಗುಡಿ ಕಡೆ ಹೋಗೋ ಹೊಲದ ದಾರಿ, ಮದುವಿ ಮನಿ ಅಂಗಳ, ಇಷ್ಟೇ ಅದರ ಸೀಮೆ. ರೊಕ್ಕಕ್ಕ ಸಂಘದ ಸಾಲ ತಗೊಂಡ್ವಿ, ಸಾಲದ್ದಕ್ಕ ನನ್ನ ಪಾಟ್ಲಿ ಅಡವಿಟ್ವಿ. ಹಟ್ಟಿ ಚಿನ್ನದ ಗಣಿ ನಮ್ಮೂರಿಗೆ ಇಷ್ಟು ಹತ್ರ ಇದ್ರೂ ನನ್ನ ಕೈಯಾಗ ಇದ್ದ ಚಿನ್ನ ಅಂದ್ರ ಅಷ್ಟೇ ಬಿಡ್ರಿ.

ಬ್ಯಾಟರಿಗೆ ನೀರು ಹಾಕೋ ಕೆಲಸ ನಂದು. ಸೀಟಿನ ಕೆಳಗ ಎಂಟು ಬ್ಯಾಟರಿ, ಒಂದೊಂದು 6 ವೋಲ್ಟಿಂದು. ಒಂದೊಂದಕ್ಕ ಮೂರು ಮುಚ್ಚಳ. ಒಟ್ಟು ಇಪ್ಪತ್ನಾಕು. ಒಂದು ಮುಚ್ಚಳದ ಖಾನಿಗೆ 2 ವೋಲ್ಟ್ ಲೆಕ್ಕ, ಎಲ್ಲಾ ಸೇರಿ 48. ನಳದ ನೀರು ನಡಿಯಂಗಿಲ್ಲ, ಡಿಸ್ಟಿಲ್ಡ್ ನೀರೇ ಬೇಕು. ಅದನ್ನೂ ಚಾರ್ಜ್ ಪೂರಾ ಆದ ಮ್ಯಾಲೆ ಹಾಕಬೇಕು, ಮೊದಲೇ ಬಾಯಿಮಟ ತುಂಬಿದ್ರ ಚಾರ್ಜ್ ಆಗುವಾಗ ಉಕ್ಕಿ ಆಸಿಡ್ ಹೊರಗ ಬರ್ತದ. ಹಾಲು ಉಕ್ಕಿದಂಗ ಅಂತ ತಿಳಕೋರಿ, ಆದ್ರ ಇದು ಸೀರಿಗೆ ಬಿದ್ರ ತೂತು ಬೀಳ್ತದ. ನನ್ನ ಹಸಿರು ಸೀರಿ ಅದಕ್ಕೇ ಹೋತು.

ಶಿವರಾತ್ರಿ ಆದ ಮ್ಯಾಲೆ ಒಂದು ದಿನ ನೀರು ಹಾಕಾಕ ಹೋದೆ. ಎಣಿಸಿಕೋತ ಹಾಕೋದು ನನ್ನ ರೂಢಿ. ಇಪ್ಪತ್ನಾಕು ಆತು, ಹಿಂದಿನ ಸೀಟಿನ ಕೆಳಗ ಗೋಣಿಚೀಲ ಮುಚ್ಚಿದ್ದ ಕಡೆ ಇನ್ನೂ ಆರು ಕಂಡ್ವು. ಮೂವತ್ತು. ರಾತ್ರಿ ದನದ ಕೊಟ್ಟಿಗ್ಯಾಗ ಇನ್ನೊಂದು ಸಣ್ಣ ಚಾರ್ಜರ್ ಗುಂಯ್ ಅಂತಿದ್ದದ್ದು ಯಾಕ ಅಂತ ಅವಾಗ ಗೊತ್ತಾತು. 48ರ ಚಾರ್ಜರ್‌ಗೆ 60 ವೋಲ್ಟ್ ತುಂಬೋ ತಾಕತ್ತಿಲ್ಲ, ಅದಕ್ಕ ಹೊಸಾವು ಎರಡನ್ನ ಬ್ಯಾರೆ ಚಾರ್ಜ್ ಮಾಡ್ತಿದ್ದ.

"ಏನೋ ಇದು?" ಅಂದೆ.

"ಯವ್ವಾ, ಜೋರ್ ಓಡತೈತಿ. ಅಪ್ಪಗ ಹೇಳಬ್ಯಾಡ. ಜಾತ್ರಿ ಮುಗಿದ ಮ್ಯಾಲೆ ತೆಗೀತೀನಿ. ಹತ್ತು ಸಲ ಹೋಗಿ ಬರೋ ಹೊತ್ತಿನ್ಯಾಗ ಹನ್ನೆರಡು ಸಲ ಹೋದ್ರ ನಿನ್ನ ಪಾಟ್ಲಿ ಬಿಡಿಸಬಹುದು."

ಪಾಟ್ಲಿ ಅಂದ ಕೂಡಲೇ ನನ್ನ ಬಾಯಿ ಕಟ್ಟಿತು. ಅದನ್ನೇ ಹೇಳಾಕ ಇಷ್ಟು ಬರೀಬೇಕಾತು. ನನಗೆ ಗೊತ್ತಿತ್ತು, ನಾನು ಎಣಿಸಿದ್ದೆ, ಸುಮ್ಮನಿದ್ದೆ. ಮರುವಾರ ಆ ಆರು ಮುಚ್ಚಳಕ್ಕೂ ನೀರು ಹಾಕಿದೆ.

ಜಾತ್ರ್ಯಾಗ ಮೊದಲನೇ ದಿನ ಚಂದ ನಡೀತು. ಎರಡನೇ ದಿನ ಮಧ್ಯಾಹ್ನ, ಬಿಸಿಲು ಅಂದ್ರ ನೆತ್ತಿ ಸುಡೋ ಬಿಸಿಲು, ಆರು ಮಂದಿ ಕೂಡೋ ಜಾಗದಾಗ ಎಂಟು ಮಂದಿ. ಹಿಂದಿನ ಸೀಟಿನ್ಯಾಗ ನಾನು, ನನ್ನ ಪಕ್ಕಕ್ಕ ನಮ್ಮ ಓಣಿ ಚಿಕ್ಕಮ್ಮ, ಆಕಿ ತೊಡಿ ಮ್ಯಾಲೆ ಕಾಯಿ-ಕರ್ಪೂರದ ಬುಟ್ಟಿ. ಏರಿನ್ಯಾಗ ಹತ್ತುವಾಗ ಒಂಥರಾ ವಾಸನಿ ಬಂತು. ಉದ್ದಿನಬ್ಯಾಳಿ ಗಟ್ಟಿ ಹಾಕಿ ಮಿಕ್ಸರ್ ಭಾಳ ಹೊತ್ತು ತಿರುವಿದಾಗ ಬರ್ತದಲ್ಲ, ಅದೇ ವಾಸನಿ. ಮಗನಿಗೆ ಹೇಳಬೇಕು ಅನ್ನೋದ್ರಾಗ ಏರು ಮುಗೀತು, ಇಳಿಜಾರು ಬಂತು. ಅಂವ ಕಾಲು ತೆಗೆದ. ಗಾಡಿ ಕೇಳಲಿಲ್ಲ. ತನ್ನಷ್ಟಕ್ಕ ತಾನೇ ಜೋರಾತು. ಚಾವಿ ತಿರುವಿದ, ಆದ್ರೂ ನಿಲ್ಲಲಿಲ್ಲ. ಬ್ರೇಕ್ ಮ್ಯಾಲೆ ಎರಡೂ ಕಾಲಿಟ್ಟು ನಿಂತುಬಿಟ್ಟ. ಬ್ರೇಕ್ ಹಿಡೀತು ಅವ್ವ, ಹಿಡೀತು. ಆದ್ರ ಮೋಟಾರು ಒಂದು ಕಡೆ ಎಳೀತಿತ್ತು, ಬ್ರೇಕು ಒಂದು ಕಡೆ. ದಾರಿಬಾಜು ಬಿದ್ದಿದ್ದ ಮಳ್ಳಿನ ಗುಂಪಿಗೆ ಗಾಡಿ ಏರಿಸಿದ. ವಾಲಿ ನಿಂತಿತು. ಚಿಕ್ಕಮ್ಮ ಬುಟ್ಟಿ ಸಮೇತ ಹೊರಗ ಬಿದ್ಲು. ಬಲಗೈ ಮಣಿಕಟ್ಟು ಮುರೀತು. ಬ್ಯಾರೇದವರಿಗೆ ತರಚಿದ ಗಾಯ ಅಷ್ಟೇ. ನಮ್ಮ ಯಜಮಾನರು ಓಡಿ ಬಂದು ಸೀಟು ಎತ್ತಿ ಬ್ಯಾಟರಿ ತಂತಿ ಕಿತ್ತ ಮ್ಯಾಲೇ ಅದು ಗುರ್ ಅನ್ನೋದು ಬಿಡ್ತು. ಸೀಟು ಎತ್ತಿದವರು ಎಣಿಸದೇ ಇರ್ತಾರೇನು.

ಮೋಟಾರು ಬಿಚ್ಚಿದ್ದು ಹಟ್ಟಿ ಕಡೆಯ ವೈಂಡಿಂಗ್ ಕಾಕಾ. ನಾನೂ ಹೋಗಿ ಎದುರಿಗೆ ಕುಂತೆ. ನನಗೆ ತಿಳೀಲಿ ಅಂತ ಅವರು ಮಿಕ್ಸರ್ ಹಿಡಕೊಂಡೇ ಹೇಳಿದ್ರು. "ತಂಗಿ, ಜಾರ್ ಇಲ್ಲದ ಮಿಕ್ಸರ್ ಚಾಲೂ ಮಾಡಿದ್ರ ಕಿರ್ ಅಂತ ಎಷ್ಟು ಜೋರ್ ತಿರುಗ್ತದ? ಹಿಟ್ಟು ಹಾಕಿದ್ರ ನಿಧಾನ ಆಗ್ತದ, ಬಿಸಿ ಆಗ್ತದ. ಈ ಗಾಡಿ ಮೋಟಾರೂ ಅದೇ ಜಾತಿದು. ಒಳಗ ಕಾರ್ಬನ್ ಅದಾವ, ತಾಮ್ರದ ಪಟ್ಟಿ ಅದಾವ." ಮಿಕ್ಸರ್ ಕೆಳಗ ಒಂದು ಕೆಂಪು ಗುಂಡಿ ಇರ್ತದಲ್ಲ, ಭಾಳ ಬಿಸಿ ಆದ್ರ ಟಕ್ ಅಂತ ಹೊರಗ ಬರ್ತದ, ಮೋಟಾರು ಉಳೀತದ. ನಮ್ಮ ಗಾಡಿಗೆ ಅಂಥ ಗುಂಡಿ ಇರಲಿಲ್ಲ.

ವೋಲ್ಟ್ ಅಂದ್ರ ದೂಡೋ ಜೋರು. ಟಾಕಿ ಎಷ್ಟು ಮ್ಯಾಲೆ ಇಟ್ಟರ ನಳದಾಗ ಅಷ್ಟು ರಭಸ. 48ಕ್ಕ 60 ಕೊಟ್ರ ಮೋಟಾರು ಹೆಚ್ಚೂಕಮ್ಮಿ ಕಾಲು ಪಾಲು ಜೋರಾಗಿ ತಿರುಗ್ತದ. ಕಾಕಾ ಅದನ್ನ ಪೂರಾ ತಪ್ಪು ಅನ್ನಲಿಲ್ಲ. ಹಗುರ ಭಾರ, ಸಪಾಟು ದಾರಿ ಇದ್ರ ಗಟ್ಟಿ ಮೋಟಾರು ಸ್ವಲ್ಪ ಹೆಚ್ಚಿನ ವೋಲ್ಟ್ ತಡಕೋತದ ಅಂದ್ರು. ಸುಡೋದು ಕರೆಂಟು. ಅದು ಎರಡು ಪಟ್ಟಾದ್ರ ಬಿಸಿ ನಾಕು ಪಟ್ಟು. ಏರು, ಎಂಟು ಮಂದಿ, ಬ್ಯಾಸಿಗಿ ಸೇರಿದ್ರ ಕರೆಂಟು ಏರದೇ ಏನ್ ಮಾಡ್ತದ.

ಆದ್ರ ಮೊದಲು ಸತ್ತದ್ದು ಮೋಟಾರಲ್ಲ. ಕಾಲಿನ ಒತ್ತು ನೋಡಿ ಕರೆಂಟು ಅಳದು ಕೊಡೋ ಪೆಟ್ಟಿಗಿ ಇರ್ತದ, ಕಂಟ್ರೋಲರ್ ಅಂತ. ಅದು 48ಕ್ಕ ಮಾಡಿದ್ದು. ಮೂವತ್ತು ಖಾನಿ ಪೂರಾ ತುಂಬಿದಾಗ 60 ಅಲ್ಲ, 63ರ ಮ್ಯಾಲೇ ಇರ್ತದ. ಅದರೊಳಗಿನ ಕೆಪಾಸಿಟರ್ ಕಾಕಾ ನನ್ನ ಅಂಗೈಯಾಗ ಇಟ್ರು. ಮೈಮ್ಯಾಲೆ 63 ವೋಲ್ಟ್ ಅಂತ ಅಚ್ಚಾಗಿತ್ತು, ನೆತ್ತಿ ಪೂರಿ ಹಂಗ ಉಬ್ಬಿ ಒಡೆದಿತ್ತು. ಆ ಪೆಟ್ಟಿಗಿ ಸಾಯುವಾಗ ಬಾಗಲಾ ಮುಚ್ಚಿಕೊಂಡು ಸಾಯಂಗಿಲ್ಲ, ತೆರಕೊಂಡು ಸಾಯ್ತದ. ಪೂರಾ ಕರೆಂಟು ಮೋಟಾರಿಗೆ. ಚಾವಿ ತಿರುವಿದ್ರ ಕಡಿಯೋ ಕಾಂಟ್ಯಾಕ್ಟರ್ ಒಳಗಿನ ತಾಮ್ರದ ತುಟಿ ಎರಡೂ ಕಾಸಿ ಬೆಸುಗಿ ಹಾಕಿದಂಗ ಅಂಟಿಕೊಂಡಿದ್ವು. ಅದಕ್ಕೇ ಚಾವಿಗೂ ಕೇಳಲಿಲ್ಲ.

"ಯಾರು ಹೇಳಿಕೊಟ್ರೋ ನಿನಗ?" ಅಂತ ಕಾಕಾ ಕೇಳಿದ್ರು. ಮಗ ಫೋನಿನ್ಯಾಗ ವಿಡಿಯೋ ನೋಡಿದ್ದನಂತ. ಅದರಾಗ ಕಂಟ್ರೋಲರ್ ಬದಲಿ ಮಾಡಬೇಕು ಅಂತನೂ ಹೇಳಿದ್ರಂತ. ಅದಕ್ಕ ರೊಕ್ಕ ಇರಲಿಲ್ಲ. ಬ್ಯಾಟರಿ ಎರಡಕ್ಕಷ್ಟೇ ಇತ್ತು.

ಒಂದೇ ಓಣ್ಯಾಗ ಇದ್ದು ಚಿಕ್ಕಮ್ಮ ಎರಡು ತಿಂಗಳು ಎಡಗೈಲೇ ರೊಟ್ಟಿ ಮುರಿದು ತಿಂದ್ಲು. ಆಕಿ ರೊಟ್ಟಿ ನಾನೇ ಬಡಿದು ಕೊಟ್ಟೆ, ಎಲ್ಲಾರೂ "ಎಷ್ಟು ಛಲೋ ಮನಸು" ಅಂದ್ರು. ಆ ಮಾತು ನನಗ ಆಸಿಡ್ ಬಿದ್ದಂಗ ಆಗ್ತಿತ್ತು. ನಿನ್ನೆ ಹೋಗಿ ಆಕಿ ಮುಂದ ಕುಂತು ಎಲ್ಲಾ ಹೇಳಿದೆ, ಮೂವತ್ತು ಮುಚ್ಚಳದಿಂದ ಹಿಡಿದು. ಆಕಿ ಭಾಳ ಹೊತ್ತು ಮಾತಾಡಲಿಲ್ಲ. ಆಮ್ಯಾಲೆ "ಪಾಟ್ಲಿ ಬಿಡಿಸಿದ್ಯಾ?" ಅಂದ್ಲು. "ಇಲ್ಲವ್ವ" ಅಂದೆ. ಅಷ್ಟೇ. ಎದ್ದು ಚಾಕ್ಕ ಇಟ್ಲು.

ಗಾಡಿಗೆ ಈಗ ಮತ್ತ ಎಂಟೇ ಬ್ಯಾಟರಿ. ಡ್ರೈವರ್ ಕೈಗೆ ಸಿಗೋ ಹಂಗ ಒಂದು ಕೆಂಪು ಸ್ವಿಚ್ ಹಾಕಿಸೀವಿ, ಒತ್ತಿದ್ರ ಬ್ಯಾಟರಿಯಿಂದಲೇ ಕರೆಂಟು ಕಡೀತದ. ಆರೇ ಮಂದಿ. ತೆಗೆದ ಎರಡು ಬ್ಯಾಟರಿ ಜೋಡಿಸಿದ್ರ 12 ವೋಲ್ಟ್ ಆಗ್ತದ, ಅವನ್ನ ಚಿಕ್ಕಮ್ಮನ ಮನ್ಯಾಗ ಸಣ್ಣ ಇನ್ವರ್ಟರಿಗೆ ಹಾಕಿ ಕೊಟ್ಟಾನ, ಕರೆಂಟು ಹೋದಾಗ ಒಂದು ಫ್ಯಾನು, ಎರಡು ಲೈಟು ನಡೀತಾವ. ಅವಕ್ಕ ನೀರು ಹಾಕಾಕ ನಾನೇ ಹೋಗ್ತೀನಿ. ಆರು ಮುಚ್ಚಳ. ಗಾಡಿ ಮಾತ್ರ ಆಕಿ ಇನ್ನೂ ಹತ್ತಿಲ್ಲ.