ಪತ್ತಿಕೊಂಡದ ದಾರಿಯಲ್ಲಿ ನೂರು ಪೌಂಡಿನ ಲೆಕ್ಕ

ಆದವಾನಿ ದಾಟಿ ಬಸ್ಸು ಆಸ್ಪರಿಯ ಕಡೆ ಹೊರಳಿತೆಂದರೆ ಕಣ್ಣು ಹಾಯುವಷ್ಟು ದೂರ ಎರೆಹೊಲ. ಪಕ್ಕದಲ್ಲಿ ಕುಳಿತ ಹಿರಿಯರದು ಒಂದು ಮಾತು ಕನ್ನಡ, ಒಂದು ಮಾತು ತೆಲುಗು. 1953ರ ಅಕ್ಟೋಬರ್‌ವರೆಗೆ ಆದವಾನಿ ಬಳ್ಳಾರಿ ಜಿಲ್ಲೆಯದೇ ಆಗಿತ್ತಲ್ಲ!

"ಪತ್ತಿಕೊಂಡದಾಗ ಏನ್ ಕೆಲಸ್ರೀ, ಟೊಮೆಟೊ ವ್ಯಾಪಾರನಾ?"

"ಇಲ್ರೀ ಯಜಮಾನ್ರೆ, ಮನ್ರೋ ದೊರೆ ತೀರಿಕೊಂಡ ಊರು ನೋಡಬೇಕು."

ನನ್ನನ್ನು ಈ ದಾರಿಗೆ ಎಳೆದು ತಂದದ್ದು ಆ ಕಂಪನಿ ಅಧಿಕಾರಿ ಥಾಮಸ್ ಮನ್ರೋನ ಪತ್ರಗಳು. ಮನ್ರೋ ಮನೆತನದ ಕಾಗದಪತ್ರಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಜೋಪಾನವಾಗಿವೆ. ಅವನ ಎಷ್ಟೋ ಪತ್ರಗಳನ್ನು ಗ್ಲೀಗ್ ಎಂಬಾತ 1830ರಲ್ಲಿ ಜೀವನಚರಿತ್ರೆಯ ಜೊತೆಗೇ ಅಚ್ಚು ಹಾಕಿಸಿದ. 1789ರ ಜನವರಿಯಲ್ಲಿ ಮದರಾಸಿನಿಂದ ತಂಗಿಗೆ ಬರೆದದ್ದನ್ನು ಓದಿದಾಗ ನನಗೆ ನಂಬಲಾಗಲಿಲ್ಲ. ಇಂಡಿಯಾಕ್ಕೆ ಬಂದು ಮೂರು ವರ್ಷವಾಗುವವರೆಗೆ ಅವನಿಗೆ ತಲೆದಿಂಬೆಂದರೆ ಒಂದು ಪುಸ್ತಕ, ಇಲ್ಲವೇ ತೋಟಾ ಚೀಲ. ಹಾಸಿಗೆ, ನಾಲ್ಕು ಕೋಲಿನ ಮೇಲೆ ಬಿಗಿದ ಕ್ಯಾನ್ವಾಸು. ಚಳಿ ಬಿದ್ದರೆ ಊರಿಂದ ತಂದ ದೊಡ್ಡ ಕೋಟಿನ ತೋಳುಗಳೊಳಗೆ ಕಾಲು ತೂರಿಸಿ, ಅದರ ಅಂಚನ್ನು ತಲೆಯ ಮೇಲೆ ಎಳೆದುಕೊಂಡು ಮಲಗುತ್ತಿದ್ದ. ಗ್ಲಾಸ್ಗೋದಲ್ಲಿ ತಂದೆಯ ವರ್ಜೀನಿಯಾ ವ್ಯಾಪಾರ ಅಮೆರಿಕದ ಯುದ್ಧದಲ್ಲಿ ಮುಳುಗಿಹೋಗಿತ್ತು. ಇಂಥ ಬಡತನದಲ್ಲೂ ಅವನೂ ಸೋದರನೂ ಸೇರಿ ತಂದೆಗೆ ವರ್ಷಕ್ಕೆ ನೂರು ಪೌಂಡು ಕಳಿಸುವುದೆಂದು ಗೊತ್ತು ಮಾಡಿಕೊಂಡರು. ಚರಿತ್ರೆಯ ಪಾಠದಲ್ಲಿ, ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ ರೈತವಾರಿ ಎಂಬ ಒಂದು ಶಬ್ದವಾಗಿ ನಿಂತಿದ್ದ ಮನುಷ್ಯ ಆ ಕೋಟಿನೊಳಗಿಂದ ನನಗೆ ಮೊದಲ ಸಲ ಮುಖ ತೋರಿಸಿದ.

ನಿಜಾಮ 1800ರಲ್ಲಿ ಬಳ್ಳಾರಿ, ಕಡಪ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಾಗ ಕಲೆಕ್ಟರಾಗಿ ಬಂದವನು ಇವನೇ. ಏಳು ವರ್ಷ ಡೇರೆಯಿಂದ ಡೇರೆಗೆ ತಿರುಗುತ್ತ ಹೊಲ ಅಳೆಸಿದ. ಕಂಪನಿಯ ಖಜಾನೆ ತುಂಬಿಸುವುದೇ ಅವನ ಕೆಲಸವಾಗಿತ್ತು, ಅದನ್ನು ಮರೆಯುವಂತಿಲ್ಲ. ಆದರೂ 1807ರ ಆಗಸ್ಟ್ 15ರ ವರದಿಯಲ್ಲಿ ಎಲ್ಲ ಜಮೀನಿನ ಕಂದಾಯವನ್ನು ಶೇಕಡ 25ರಷ್ಟು, ಕೆರೆ ಬಾವಿಯ ನೀರುಂಡ ಜಮೀನಿಗೆ ಇನ್ನೂ 8ರಷ್ಟು ಇಳಿಸಬೇಕೆಂದು ಬರೆದ. ರೈತನ ಕೈಯಲ್ಲಿ ನಾಲ್ಕು ಕಾಸು ಉಳಿದರೆ ತಾನೇ ಅವನು ಎತ್ತು ಕೊಳ್ಳುವುದು, ಬಾವಿ ತೋಡಿಸುವುದು? ಆಗ ಯಾರೂ ಕಿವಿಗೊಡಲಿಲ್ಲ. 1820ರಲ್ಲಿ ಮದರಾಸಿನ ಗವರ್ನರಾಗಿ ಬಂದವನು ಈ ಸೀಮೆಗೆ ಆ ರಿಯಾಯಿತಿಯನ್ನು ತಾನೇ ಜಾರಿಗೆ ತಂದ.

ಪತ್ತಿಕೊಂಡದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಊರಿಗೆ ಮರಳುವ ಮುನ್ನ ತನ್ನ ಹಳೆಯ ಸೀಮೆಯನ್ನು ಕೊನೆಯ ಬಾರಿ ನೋಡಲೆಂದು ಬಂದವನು 1827ರ ಜುಲೈ 6ರಂದು ಇಲ್ಲೇ ಕಾಲರಾ ತಗುಲಿ ತೀರಿಕೊಂಡ. ಹೆಂಡತಿ ಕಾಯಿಲೆಯ ಮಗನನ್ನು ಕರೆದುಕೊಂಡು ಹಿಂದಿನ ವರ್ಷವೇ ಹಡಗು ಹತ್ತಿದ್ದಳು. ಅವನ ನೆನಪಿಗೆ ಸರ್ಕಾರ ಇಲ್ಲಿ ತೋಪು ಬೆಳೆಸಿ, ಕಲ್ಲು ಕಟ್ಟಿದ ಬಾವಿ ತೋಡಿಸಿತು. ಈ ಬರದ ನಾಡಿನಲ್ಲಿ ನೆರಳಿಗಿಂತ, ನೀರಿಗಿಂತ ಒಳ್ಳೆಯ ಸ್ಮಾರಕ ನನಗೆ ತೋಚುವುದಿಲ್ಲ.

ಯಜಮಾನರು ಟೊಮೆಟೊ ಮಂಡಿಯ ಕಡೆ ನಡೆದರು. ನಾನು ಗುತ್ತಿಯ ಬಸ್ಸು ಹುಡುಕಿದೆ. ಮನ್ರೋನನ್ನು ಮೊದಲು ಮಣ್ಣು ಮಾಡಿದ್ದು ಅಲ್ಲಿ; 1831ರಲ್ಲಿ ಅಲ್ಲಿಂದ ತೆಗೆದು ಮದರಾಸಿನ ಕೋಟೆಯ ಸೇಂಟ್ ಮೇರಿ ಚರ್ಚಿಗೆ ಸಾಗಿಸಿದರು.